ಅಲಾಸ್ಕಾ: ಬಿಗ್ ಲೇಕ್‌ನಿಂದ ನೋಮ್‌ವರೆಗೆ ಒಬ್ಬನೇ ಸ್ನೋಮೊಬೈಲ್‌ನಲ್ಲಿ. ಪ್ಲಾನ್ ನೋಡಿ ಹೇಳಿ

ಡುಲೂತ್_ಹುಡುಗ

ಎಲ್ಲರಿಗೂ ನಮಸ್ಕಾರ. ಊರು ತಿಪಟೂರು, ಕೆಲಸ ಮಿನ್ನೆಸೋಟಾದ ಡುಲೂತ್‌ನಲ್ಲಿ. ಇಲ್ಲಿ ಚಳಿಗಾಲ ಬಂತೆಂದರೆ ಊರಿಗೆ ಊರೇ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರ್ ಗಾಡಿ) ಮೇಲೆ. ನನಗೂ ಹುಚ್ಚು ಹಿಡಿದು ಕೆಲವು ವರ್ಷ ಆಯಿತು. ಇಲ್ಲಿನ ಹದ ಮಾಡಿದ ಟ್ರೇಲ್‌ಗಳು ಸಾಕೆನಿಸಿವೆ. ಮೂಲೆಗೊಂದು ಬೋರ್ಡು, ಗಂಟೆಗೊಂದು ಪೆಟ್ರೋಲ್ ಬಂಕ್, ಮಧ್ಯಾಹ್ನ ಬರ್ಗರ್.

ಮುಂದಿನ ಮಾರ್ಚ್‌ನಲ್ಲಿ ಅಲಾಸ್ಕಾದ ಇಡಿಟರಾಡ್ ದಾರಿ ಹಿಡಿಯಬೇಕು ಅಂತಿದ್ದೇನೆ. ಬಿಗ್ ಲೇಕ್‌ನಿಂದ ಹೊರಟು ಸ್ಕ್ವೆಂಟ್ನಾ, ರೇನಿ ಪಾಸ್ (ಬೆಟ್ಟದ ಕಣಿವೆದಾರಿ), ನಿಕೊಲಾಯ್, ಮೆಕ್‌ಗ್ರಾತ್, ರೂಬಿ. ಅಲ್ಲಿಂದ ಯೂಕಾನ್ ನದಿಯ ಮೇಲೆ ಕಾಲ್ಟಾಗ್. ಆಮೇಲೆ ಉನಲಕ್ಲೀಟ್, ಕಡಲತೀರ, ಕೊನೆಗೆ ನೋಮ್. ಒಟ್ಟು ಸುಮಾರು 1,600 ಕಿ.ಮೀ. ಒಬ್ಬನೇ. ಗಾಡಿ 600 ಸಿಸಿ ಫೋರ್-ಸ್ಟ್ರೋಕ್, ಅಗಲ ಟ್ರ್ಯಾಕ್ (ಗಾಡಿಯ ಕೆಳಗೆ ತಿರುಗುವ ರಬ್ಬರ್ ಪಟ್ಟಿ), ಟ್ಯಾಂಕ್ 42 ಲೀಟರ್. ಹಿಂದೆ ಸಾಮಾನಿಗೆ ಒಂದು ಸ್ಲೆಡ್ (ಜಾರುಬಂಡಿ) ಎಳೆಯುತ್ತೇನೆ. ಮೂರು ವಾರ ರಜೆ ಸಿಕ್ಕಿದೆ.

ಪೆಟ್ರೋಲ್ ಲೆಕ್ಕ, ಗಾಡಿ ತಯಾರಿ, ದಾರಿ, ಎಲ್ಲದರ ಬಗ್ಗೆಯೂ ಹೇಳಿ. ಒಂದೇ ವಿನಂತಿ. "ಹೋಗಬೇಡ" ಅನ್ನುವವರು ಯಾಕೆ ಅಂತಲೂ ಬರೆಯಿರಿ. ಬರೀ ಬೇಡ ಅನ್ನೋದಕ್ಕೆ ಮನೆಯಲ್ಲಿ ಅಮ್ಮ ಇದ್ದಾರೆ.

ಸುಮ್ನೆ_ಓದೋನು

ನಾನು ಬೆಂಗಳೂರು. ಹಿಮ ನೋಡಿದ್ದು ಮನಾಲಿಯಲ್ಲಿ ಮಾತ್ರ. ಇದು ಲಡಾಖ್ ಬೈಕ್ ಟ್ರಿಪ್ ಥರಾನೇ ಅಲ್ವಾ ಗುರು? ದಾರಿಯಲ್ಲಿ ಢಾಬಾ ಗಿಬಾ ಇರತ್ತಾ?

ಆಂಕರೇಜ್_ಅಕ್ಕ

ಢಾಬಾ ಬಿಡಿ, ರಸ್ತೆಯೇ ಇಲ್ಲ. ನೋಮ್ ಸಾವಿರಾರು ಜನ ಇರುವ ಊರು. ಆದರೂ ಆಂಕರೇಜ್‌ನಿಂದ ಅಲ್ಲಿಗೆ ಕಾರಿನಲ್ಲಿ ಹೋಗಲು ಆಗಲ್ಲ. ವಿಮಾನ, ಬೇಸಿಗೆಯಲ್ಲಿ ಹಡಗು, ಇಲ್ಲಾ ಚಳಿಗಾಲದಲ್ಲಿ ಈ ಹಿಮದ ದಾರಿ. ಮಧ್ಯದ ಹಳ್ಳಿಗಳೂ ಹಾಗೇ. ಅಲ್ಲಿನವರಿಗೆ ಸ್ನೋಮೊಬೈಲ್ ಅಂದರೆ ಮೋಜಲ್ಲ. ಸೌದೆ ತರುವುದು, ಬೇಟೆ, ಪಕ್ಕದೂರಿನ ಬಾಸ್ಕೆಟ್‌ಬಾಲ್ ಪಂದ್ಯ, ಎಲ್ಲಕ್ಕೂ ಅದೇ ಗಾಡಿ.

ತಮ್ಮಾ, ಮೊದಲು ತಾರೀಖಿನ ಮಾತು. ಫೆಬ್ರವರಿಯಲ್ಲಿ ಐರನ್ ಡಾಗ್ ರೇಸ್ ಇದೇ ದಾರಿಯಲ್ಲಿ ನಡೆಯುತ್ತದೆ. 1984ರಿಂದ ನಡೆದುಕೊಂಡು ಬಂದಿರುವ ಸ್ನೋಮೊಬೈಲ್ ರೇಸ್ ಅದು. ಮಾರ್ಚ್ ಮೊದಲ ಶನಿವಾರ ಇಡಿಟರಾಡ್ ನಾಯಿ ಓಟ. ಇವೆರಡರಿಂದ ದಾರಿ ತುಳಿದು ಗಟ್ಟಿಯಾಗಿರುತ್ತದೆ, ಗುರುತಿನ ಕೋಲುಗಳೂ ಹೊಸದಾಗಿರುತ್ತವೆ. ನಾಯಿ ಓಟದ ಬಾಲ ಹಿಡಿದು ಹೊರಟರೆ ಒಳ್ಳೆಯದು. ಮಾರ್ಚ್ ಮೂರನೇ ವಾರಕ್ಕೆ ಹಗಲು 12 ಗಂಟೆ ಸಿಗುತ್ತದೆ. ಹಿಂದುಳಿದ ನಾಯಿ ತಂಡಗಳು ಎದುರಾದರೆ ಅಥವಾ ದಾಟಬೇಕಾದರೆ ನಿಧಾನ ಮಾಡಿ ದಾರಿ ಬಿಡಬೇಕು, ಇದು ಇಲ್ಲಿನ ಮರ್ಯಾದೆ.

ಆದರೆ ಹಿಮ ಬೀಳುವುದು ನಮ್ಮ ಕ್ಯಾಲೆಂಡರ್ ನೋಡಿ ಅಲ್ಲ. 2003, 2015, 2017, 2025, ಈ ವರ್ಷಗಳಲ್ಲಿ ದಾರಿ ಸರಿ ಇಲ್ಲದೆ ನಾಯಿ ಓಟವನ್ನೇ ಫೇರ್‌ಬ್ಯಾಂಕ್ಸ್‌ನಿಂದ ಶುರು ಮಾಡಿದರು. ಹಾಗಾದರೆ ನೀನೇನು ಮಾಡುತ್ತೀಯಾ? ಟಿಕೆಟ್ ಆಗಿದೆ, ರಜೆ ಆಗಿದೆ ಅಂತ ನುಗ್ಗುತ್ತೀಯಾ? ಬೇರೆ ದಾರಿಯೊಂದು ಈಗಲೇ ಯೋಚಿಸಿಡು.

ಇನ್ನೊಂದು. ಐರನ್ ಡಾಗ್ ರೇಸ್‌ನಲ್ಲಿ ಒಬ್ಬೊಬ್ಬರೇ ಓಡಿಸುವುದಿಲ್ಲ. ಇಬ್ಬರ ತಂಡ, ಎರಡು ಗಾಡಿ. ಅಷ್ಟು ಪಳಗಿದವರಿಗೇ ಜೋಡಿ ಇರಲಿ ಅಂದಿದ್ದಾರೆ, ಸುಮ್ನೆ ಅಲ್ಲ.

ಗ್ರೀಸ್_ಕೈ

ವಿನಿಪೆಗ್‌ನಲ್ಲಿ ಗ್ಯಾರೇಜ್ ಕೆಲಸ, ಊರು ಹುಬ್ಬಳ್ಳಿ. ಗಾಡಿ ಮಾತು ನನಗೆ ಬಿಡ್ರಿ.

ಫೋರ್-ಸ್ಟ್ರೋಕ್ ಒಳ್ಳೆ ಆಯ್ಕೆ. ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಟೂ-ಸ್ಟ್ರೋಕ್ ಆಯಿಲ್ ಡಬ್ಬ ಹೊರುವ ಕೆಲಸ ಇಲ್ಲ. ಆದರೆ ಒಂದು ನೋಡಿಕೊಳ್ರಿ. ಬಹಳಷ್ಟು ಫೋರ್-ಸ್ಟ್ರೋಕ್ ಗಾಡಿಗಳಿಗೆ ಎಳೆದು ಸ್ಟಾರ್ಟ್ ಮಾಡುವ ಹಗ್ಗ ಇರುವುದಿಲ್ಲ. ಬ್ಯಾಟರಿ ಸತ್ತರೆ ಗಾಡಿ ಸತ್ತ ಹಾಗೆ. ಮೈನಸ್ 35ರ ಬೆಳಗ್ಗೆ ಬ್ಯಾಟರಿಯ ಜೀವ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ. ಹೊಸ ಬ್ಯಾಟರಿ ಹಾಕಿಸಿ. ಜೊತೆಗೆ ಲಿಥಿಯಂ ಜಂಪ್ ಪ್ಯಾಕ್ ಒಂದು. ಅದನ್ನು ಸ್ಲೆಡ್‌ನಲ್ಲಿ ಇಡಬೇಡ್ರಿ. ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ, ಹಗಲು ಜಾಕೆಟ್ ಒಳಗೆ. ತಣ್ಣಗಾದ ಜಂಪ್ ಪ್ಯಾಕ್ ಇಟ್ಟಿಗೆಗೆ ಸಮ.

ಈಗ ಪೆಟ್ರೋಲ್. ನಿಮ್ಮ ದಾರಿಯಲ್ಲಿ ಕುತ್ತಿಗೆ ಹಿಡಿಯುವ ಜಾಗ ಮೆಕ್‌ಗ್ರಾತ್‌ನಿಂದ ರೂಬಿ, ಹೆಚ್ಚುಕಡಿಮೆ 300 ಕಿ.ಮೀ. ಮಧ್ಯೆ ಓಫಿರ್ ಅಂತ ಹಳೇ ಚಿನ್ನದ ಗಣಿ ಊರು ನಕ್ಷೆಯಲ್ಲಿ ಕಾಣುತ್ತದೆ. ಹೆಸರು ನೋಡಿ ಮೋಸ ಹೋಗಬೇಡ್ರಿ, ಈಗ ಅಲ್ಲಿ ಊರಿಲ್ಲ. ತುಂಬಿದ ಸ್ಲೆಡ್ ಎಳೆಯುವಾಗ ಲೀಟರಿಗೆ 6 ಕಿ.ಮೀ. ಹಿಡಿಯೋಣ. 50 ಲೀಟರ್ ಆಯಿತು. ಇದು ಗಟ್ಟಿ ದಾರಿಯ ಲೆಕ್ಕ. ಹೊಸ ಹಿಮ ಮೊಣಕಾಲವರೆಗೆ ಬಿದ್ದರೆ ಅದೇ ಗಾಡಿ ಲೀಟರಿಗೆ 3-4 ಕೊಟ್ಟರೆ ದೊಡ್ಡದು. ಆಗ 80 ಲೀಟರ್ ದಾಟುತ್ತದೆ. ನಿಮ್ಮ ಟ್ಯಾಂಕ್ 42. ಹಾಗಾಗಿ 20 ಲೀಟರಿನ ಕ್ಯಾನ್ ಎರಡು ಕಡ್ಡಾಯ, ಮೂರು ಇದ್ದರೆ ನಿದ್ದೆ ಬರುತ್ತದೆ. ಒಂದು ಕ್ಯಾನ್ ಸುಮಾರು 15 ಕೆ.ಜಿ. ಪೆಟ್ರೋಲ್. ಭಾರ ಜಾಸ್ತಿ ಆದಷ್ಟೂ ಮೈಲೇಜ್ ಇಳಿಯುತ್ತದೆ, ಅದನ್ನೂ ಸೇರಿಸಿ ಲೆಕ್ಕ ಹಾಕ್ರಿ.

ಡುಲೂತ್‌ನಲ್ಲೇ ಇದನ್ನು ಅಳೆಯಬಹುದು. ಸ್ಲೆಡ್‌ಗೆ ನಿಜವಾದ ಭಾರ ತುಂಬಿ, ಟ್ರೇಲ್ ಬಿಟ್ಟು ಮೆತ್ತನೆ ಹಿಮದಲ್ಲಿ ಇಡೀ ಟ್ಯಾಂಕ್ ಖಾಲಿ ಮಾಡಿ ನೋಡ್ರಿ. ಕಂಪನಿ ಹೇಳುವ ಮೈಲೇಜ್ ಅಂಗಡಿ ಗೋಡೆಗೆ ಚೆಂದ.

ಡುಲೂತ್_ಹುಡುಗ

ಗ್ರೀಸ್ ಅಣ್ಣ, ಇದೇ ಬೇಕಿತ್ತು. ಬಿಡಿಭಾಗ ಏನೇನು ಒಯ್ಯಲಿ?

ಗ್ರೀಸ್_ಕೈ

ಎಂಜಿನ್ ಬಲವನ್ನು ಟ್ರ್ಯಾಕ್‌ಗೆ ಮುಟ್ಟಿಸುವ ಡ್ರೈವ್ ಬೆಲ್ಟ್ ಎರಡು. ಹೊಸದನ್ನು ಸುಮ್ನೆ ಚೀಲಕ್ಕೆ ಹಾಕಬೇಡ್ರಿ. ಮೊದಲು ಗಾಡಿಗೆ ಹಾಕಿ ಸ್ವಲ್ಪ ದೂರ ಓಡಿಸಿ, ಹದಕ್ಕೆ ಬಂದ ಮೇಲೆ ತೆಗೆದು ಇಡ್ರಿ. ಸ್ಪಾರ್ಕ್ ಪ್ಲಗ್, ಬೋಗಿ ವೀಲ್ (ಟ್ರ್ಯಾಕ್ ಒಳಗಿನ ಚಿಕ್ಕ ಚಕ್ರ) ಎರಡು ಮೂರು, ಬೇರಿಂಗ್, ಥ್ರಾಟಲ್ ಕೇಬಲ್, ತಂತಿ, ಎಪಾಕ್ಸಿ, ಸ್ಲೆಡ್ ಕೊಕ್ಕೆಯ ಪಿನ್. ಪಿನ್ ಬಿದ್ದು ಸ್ಲೆಡ್ ಎಲ್ಲೋ ಹಿಂದೆ ಉಳಿದುಹೋಗುವುದು ಎಲ್ಲರಿಗೂ ಗೊತ್ತಿರುವ ಕಥೆ.

ಟ್ರ್ಯಾಕ್ ಒಳಗಿನ ಪ್ಲಾಸ್ಟಿಕ್ ಸ್ಲೈಡ್‌ಗಳಿಗೆ ಹಿಮವೇ ಎಣ್ಣೆ. ನೀರಿನಿಂದ ತಂಪಾಗುವ ಎಂಜಿನ್‌ಗೂ ಟ್ರ್ಯಾಕ್ ಎರಚುವ ಹಿಮವೇ ತಂಪು. ಯೂಕಾನ್ ಮೇಲೆ ಗಾಳಿಗೆ ಹಿಮ ಹಾರಿಹೋಗಿ ಬರೀ ಮಂಜುಗಡ್ಡೆ ಇದ್ದರೆ ಎರಡಕ್ಕೂ ಆಪತ್ತು. ಎಷ್ಟೇ ಚಳಿ ಇರಲಿ, ಎಂಜಿನ್ ಕಾದು ಹೋಗುತ್ತದೆ. ಐಸ್ ಸ್ಕ್ರ್ಯಾಚರ್ ಹಾಕಿಸಿ. ಗಡ್ಡೆಯನ್ನು ಕೆರೆದು ಹಿಮದ ಪುಡಿ ಎಬ್ಬಿಸುತ್ತದೆ.

ಕೊಡಗಿನ_ಫೌಜಿ

ನಿವೃತ್ತ ಯೋಧ. ಸಿಯಾಚಿನ್‌ನಲ್ಲಿ ಇದ್ದವನು. ಅಲ್ಲಿ ನಾವು ಸ್ನೋ ಸ್ಕೂಟರ್ ಬಳಸುತ್ತಿದ್ದೆವು. ನಿಮ್ಮಷ್ಟು ದೂರ ಓಡಿಸಿಲ್ಲ, ಆದರೆ ಚಳಿ ಗೊತ್ತು.

ಬರಿಗೈಯಲ್ಲಿ ಲೋಹ ಮುಟ್ಟಬಾರದು. ಪೆಟ್ರೋಲ್ ಅದಕ್ಕಿಂತ ಕೆಟ್ಟದ್ದು. ಮೈನಸ್ 30ರಲ್ಲೂ ಅದು ಗಟ್ಟಿಯಾಗದೆ ಅಷ್ಟೇ ತಣ್ಣಗೆ ಹರಿಯುತ್ತದೆ. ಕ್ಯಾನ್ ಬಗ್ಗಿಸುವಾಗ ಕೈ ಮೇಲೆ ಚೆಲ್ಲಿದರೆ ಬೆರಳು ಹೋಯಿತು ಎಂದೇ ತಿಳಿಯಿರಿ. ಪೆಟ್ರೋಲ್ ಹಾಕುವುದಕ್ಕೇ ಬೇರೆ ರಬ್ಬರ್ ಗ್ಲೌಸ್ ಇಡಿ, ಒಳಗೆ ಉಣ್ಣೆಯದು.

ಓಡುವ ಗಾಡಿಯಲ್ಲಿ ಗಾಳಿಯನ್ನು ನೀವೇ ಹುಟ್ಟಿಸುತ್ತೀರಿ. ಮೈನಸ್ 30 ಇದ್ದು 60 ಕಿ.ಮೀ. ವೇಗದಲ್ಲಿ ಹೋದರೆ ಮುಖಕ್ಕೆ ಸುಮಾರು ಮೈನಸ್ 50ರ ಏಟು. ಮೂಗಿನ ತುದಿ, ಕೆನ್ನೆಮೂಳೆ ಬೆಳ್ಳಗಾಗುವುದು ನಿಮಗೆ ಕಾಣುವುದಿಲ್ಲ. ನಮ್ಮಲ್ಲಿ ಜೊತೆಗಾರ ನೋಡಿ ಹೇಳುತ್ತಿದ್ದ. ಒಬ್ಬರೇ ಹೋದರೆ ಹೇಳುವವರು ಯಾರು? ಕನ್ನಡಿ ಇಟ್ಟುಕೊಂಡು ಗಂಟೆಗೊಮ್ಮೆ ನಿಲ್ಲಿಸಿ ಮುಖ ನೋಡಿಕೊಳ್ಳಿ. ನಗಬೇಡಿ.

ಬೆವರು ಬರಿಸಿಕೊಳ್ಳಬೇಡಿ. ಹೂತ ಗಾಡಿಯನ್ನು ಎತ್ತುವ ಮೊದಲು ಜಾಕೆಟ್ ಬಿಚ್ಚಿ, ಎತ್ತಿದ ಮೇಲೆ ಹಾಕಿ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲಿಂದ ಹೆಪ್ಪುಗಟ್ಟುತ್ತದೆ, ಬಾಯಿ ಕೆಳಗಿದ್ದರೆ ತೆರೆಯಲು ಬರುತ್ತದೆ.

ಸುಮ್ನೆ_ಓದೋನು

ಸರ್, ಗೌರವದಿಂದಲೇ ಕೇಳ್ತೀನಿ. ಸ್ಟವ್‌ಗೆ ನಮ್ಮ ಟ್ರೆಕ್ಕಿಂಗ್ ಗ್ಯಾಸ್ ಕ್ಯಾನ್ ಸಾಕಾಗಲ್ವಾ?

ಕೊಡಗಿನ_ಫೌಜಿ

ಸಾಕಾಗುವುದಿಲ್ಲ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪಂಪ್ ಮಾಡಿ ಹಚ್ಚುವ ವೈಟ್ ಗ್ಯಾಸ್ (ಹೆಸರಷ್ಟೇ ಗ್ಯಾಸ್, ಇದು ದ್ರವ ಇಂಧನ) ಸ್ಟವ್ ಬೇಕು. ಅದರ ಪಂಪಿನ ವಾಷರ್ ಒಂದು ಹೆಚ್ಚಿಗೆ ಇರಲಿ. ಟೆಂಟ್ ಒಳಗೆ ಹಚ್ಚಿದರೆ ಗಾಳಿ ಆಡುವಂತೆ ಬಾಗಿಲು ಬಿಡಿ. ಚಳಿಯಿಂದಲ್ಲ, ಹೊಗೆಯಿಂದ ಹೋದವರಿದ್ದಾರೆ.

ಯೆಲ್ಲೋನೈಫ್_ವಾಸಿ

ಎಲ್ಲರೂ ಒಬ್ಬನೇ ಬೇಡ ಅಂತಿದ್ದಾರೆ. ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಕೆನಡಾದ ಉತ್ತರದಲ್ಲಿ ಜನ ದಿನಾ ಒಬ್ಬೊಬ್ಬರೇ ಹೋಗುತ್ತಾರೆ, ಬಲೆ ನೋಡಲು, ಬೇಟೆಗೆ. ಅದೊಂದು ಮಹಾ ಸಾಹಸ ಅಂತ ಯಾರೂ ಅಂದುಕೊಳ್ಳಲ್ಲ. ಆದರೆ ಅವರು ಹೋಗುವ ರೀತಿ ನೋಡಿ. ಯಾವ ಹಳ್ಳ ಯಾವಾಗ ಬಾಯಿ ಬಿಡುತ್ತದೆ ಅಂತ ಚಿಕ್ಕಂದಿನಿಂದ ಗೊತ್ತು. ಹವಾ ಕೆಟ್ಟರೆ ಎರಡು ದಿನ ಡೇರೆಯಲ್ಲಿ ಟೀ ಕುಡಿಯುತ್ತಾ ಕೂರುತ್ತಾರೆ. ನಮಗೆ ಆ ತಾಳ್ಮೆ ಇದೆಯಾ ಅನ್ನೋದೇ ಪ್ರಶ್ನೆ.

ನನ್ನ ಪ್ರಕಾರ ಅಪಾಯ ಚಳಿಯಲ್ಲಿ ಇಲ್ಲ, ವೇಗದಲ್ಲಿದೆ. ಕಾಲ್ನಡಿಗೆಯಲ್ಲಿ ಹೋದವನು ಎಷ್ಟು ದೂರ ಹೋಗಿದ್ದಾನೋ ಅಷ್ಟೇ ದೂರ ವಾಪಸ್ ನಡೆಯಬಲ್ಲ. ಸ್ನೋಮೊಬೈಲ್‌ನವನು ಒಂದು ಗಂಟೆಯಲ್ಲಿ 40 ಕಿ.ಮೀ. ಹೋಗಿರುತ್ತಾನೆ. ಗಾಡಿ ಕೈಕೊಟ್ಟರೆ ಆ 40 ಕಿ.ಮೀ.ಗೆ ಸ್ನೋಶೂ (ಹಿಮದಲ್ಲಿ ಹೂಳದಂತೆ ಕಾಲಿಗೆ ಕಟ್ಟುವ ಅಗಲ ಪಾದುಕೆ) ಹಾಕಿ ನಡೆದರೂ ಎರಡು ದಿನ ಬೇಕು. ಬೆಳಗಿನ ತಿಂಡಿ ಅರಗುವ ಮೊದಲೇ ನಿನ್ನ ಕಾಲಿಗೆ ನಿಲುಕದ ಜಾಗದಲ್ಲಿ ಇರುತ್ತೀಯ. ಆದ್ದರಿಂದ ದಿನದ ಪ್ಲಾನ್ ಮಾಡುವಾಗ "ಇವತ್ತು ಎಷ್ಟು ಓಡಿಸಬಹುದು" ಅಂತ ಕೇಳಬೇಡ. "ಇಲ್ಲಿ ಗಾಡಿ ನಿಂತರೆ ಎಲ್ಲಿಗೆ ನಡೆಯುತ್ತೇನೆ" ಅಂತ ಕೇಳು. ಉತ್ತರ ಇಲ್ಲದ ಜಾಗಕ್ಕೆ "ಇಲ್ಲೇ ನಾಲ್ಕು ದಿನ ಕೂರುತ್ತೇನೆ" ಅನ್ನುವಷ್ಟು ಸಾಮಾನು ಇರಬೇಕು.

ಡುಲೂತ್_ಹುಡುಗ

ಈ ಮಾತು ನಾಟಿತು. ಆದರೆ ಜೊತೆಗೆ ಬರುವವರು ಯಾರೂ ಇಲ್ಲ ಸರ್. ರಜೆ ಹೊಂದಲ್ಲ, ಹೊಂದಿದರೆ ದುಡ್ಡು ಹೊಂದಲ್ಲ. ಮತ್ತೆ ನಿಜ ಹೇಳಬೇಕೆಂದರೆ ಒಬ್ಬನೇ ಹೋಗುವ ಆಸೆಯೂ ಇದೆ. 1968ರಲ್ಲಿ ನಮ್ಮ ಮಿನ್ನೆಸೋಟಾದ ರಾಲ್ಫ್ ಪ್ಲೇಸ್ಟೆಡ್ ಸ್ನೋಮೊಬೈಲ್‌ನಲ್ಲೇ ಉತ್ತರ ಧ್ರುವ ಮುಟ್ಟಿದ. ಇನ್ಶೂರೆನ್ಸ್ ಮಾರುತ್ತಿದ್ದವನು!

ಗ್ರೀಸ್_ಕೈ

ಅವನೂ ಒಬ್ಬನೇ ಹೋಗಿಲ್ಲ ಮಾರಾಯ್ರೆ. ತಂಡ ಇತ್ತು, ಮೇಲೆ ವಿಮಾನದಿಂದ ಸಾಮಾನು ಬರುತ್ತಿತ್ತು. 1960ರಲ್ಲಿ ಪೊಲಾರಿಸ್‌ನ ಎಡ್ಗರ್ ಹೆಟೀನ್ ಬೆಥೆಲ್‌ನಿಂದ ಫೇರ್‌ಬ್ಯಾಂಕ್ಸ್‌ಗೆ ಅಲಾಸ್ಕಾ ಅಡ್ಡ ಸೀಳಿದಾಗಲೂ ಜೊತೆಗೆ ಜನ ಇದ್ದರು. ಸ್ವಂತ ಕಂಪನಿಯ ಗಾಡಿ, ತಾನೇ ಬಿಚ್ಚಿ ಜೋಡಿಸಬಲ್ಲವನು, ಆದರೂ.

ಆಂಕರೇಜ್_ಅಕ್ಕ

ಒಬ್ಬನೇ ಹೋಗುವುದೇ ಆದರೆ ದಾರಿಯನ್ನು ತುಂಡು ತುಂಡಾಗಿ ನೋಡು. ಎಲ್ಲ ತುಂಡೂ ಒಂದೇ ಥರ ಅಲ್ಲ.

ರೇನಿ ಪಾಸ್ ಸುಮಾರು ಸಾವಿರ ಮೀಟರ್ ಎತ್ತರ. ಎತ್ತರ ದೊಡ್ಡದಲ್ಲ. ಆದರೆ ಗಾಳಿ ಎದ್ದರೆ ಮುಂದಿನ ಕೋಲು ಕಾಣಲ್ಲ, ಇಕ್ಕೆಲದ ಇಳಿಜಾರಿನಿಂದ ಹಿಮ ಜಾರುತ್ತದೆ. ಪಾಸ್‌ಗೆ ಮೊದಲು ಸಿಗುವ ಪಂಟಿಲಾ ಸರೋವರದ ಹತ್ತಿರ ಕಾಯುವುದು ನಾಚಿಕೆಯ ವಿಷಯ ಅಲ್ಲ. ಪಾಸ್ ಇಳಿದರೆ ಡಾಲ್‌ಜೆಲ್ ಕಮರಿ. ಕಿರಿದು, ಮಧ್ಯೆ ಹರಿಯುವ ಹಳ್ಳ, ಅದರ ಮೇಲೆ ಹಿಮದ ಸೇತುವೆಗಳು. ಅಗಲ ಸ್ಲೆಡ್ ಇದ್ದರೆ ಇಲ್ಲಿ ಅಳು ಬರುತ್ತದೆ. ಕಮರಿ ದಾಟಿದರೆ ಸಿಗುವ ರೋನ್‌ನಲ್ಲಿ ಸಾರ್ವಜನಿಕ ಕ್ಯಾಬಿನ್ ಇದೆ, ಪೆಟ್ರೋಲ್ ಇಲ್ಲ. ಆಮೇಲೆ ನಿಕೊಲಾಯ್‌ವರೆಗೆ 120 ಕಿ.ಮೀ., ಫೇರ್‌ವೆಲ್ ಬರ್ನ್ ಅನ್ನುವ ಹಳೇ ಕಾಡ್ಗಿಚ್ಚಿನ ಬಯಲು. ಅಲ್ಲಿ ಹಿಮ ಕಡಿಮೆ ಬೀಳುವ ವರ್ಷ ಬರೀ ಹುಲ್ಲುಗಂಟೆ, ಬೊಡ್ಡೆ, ಕಲ್ಲು. ಗಾಡಿಯ ಸಸ್ಪೆನ್ಷನ್ ಪರೀಕ್ಷೆ ಅಲ್ಲೇ ಆಗುವುದು.

ಕಾಲ್ಟಾಗ್‌ನಿಂದ ಉನಲಕ್ಲೀಟ್ 135 ಕಿ.ಮೀ. ಈ ತುಂಡಿನಲ್ಲಿ ಟ್ರೈಪಾಡ್ ಫ್ಲಾಟ್ಸ್, ಓಲ್ಡ್ ವುಮನ್ ಅಂತ ಎರಡು ಕ್ಯಾಬಿನ್ ಇವೆ. ಒಲೆ ಇದೆ. ನೀನು ಸುಟ್ಟಷ್ಟು ಸೌದೆ ಸೀಳಿ ಇಟ್ಟು ಬರಬೇಕು.

ಹಳ್ಳಿಗಳ ವಿಷಯ. ಅಥಬಾಸ್ಕನ್, ಯುಪಿಕ್, ಇನ್ಯೂಪಿಯಾಕ್ ಜನ. ಪೆಟ್ರೋಲ್ ಸಿಗುತ್ತದೆ, ರೇಟು ಆಂಕರೇಜ್‌ಗಿಂತ ಬಹಳ ಜಾಸ್ತಿ. ಆದರೆ 24 ಗಂಟೆ ಬಂಕ್ ಅಲ್ಲ. ಪಂಪ್ ತೆರೆಯುವವರು ಊಟಕ್ಕೆ ಹೋಗಿರಬಹುದು, ಭಾನುವಾರ ಇರದೇ ಇರಬಹುದು. ಮೊದಲೇ ಫೋನ್ ಮಾಡು, ನಗದು ಇಟ್ಟುಕೋ. ಊಟದ ಪೊಟ್ಟಣಗಳನ್ನು ಮುಂಚಿತವಾಗಿ ಹಳ್ಳಿಯ ಪೋಸ್ಟ್ ಆಫೀಸಿಗೆ ಜನರಲ್ ಡೆಲಿವರಿ (ನೀನು ಬಂದು ಕೇಳುವವರೆಗೆ ಅಲ್ಲೇ ಇಡುವುದು) ಅಂತ ನಿನ್ನ ಹೆಸರಿಗೇ ಕಳಿಸಬಹುದು. ಪೆಟ್ರೋಲ್, ಸ್ಟವ್ ಇಂಧನ ಅಂಚೆಯಲ್ಲಿ ಹೋಗಲ್ಲ. ಹಲವು ಹಳ್ಳಿಗಳಲ್ಲಿ ಮದ್ಯ ನಿಷೇಧ, ಒಂದು ಬಾಟಲಿ ಕೂಡ ಬೇಡ.

ಎಲ್ಲಕ್ಕಿಂತ ಮುಖ್ಯ, ಪ್ರತಿ ಹಳ್ಳಿಯಲ್ಲೂ ಮುಂದಿನ ದಾರಿ ಕೇಳು. ನಿನ್ನೆ ಅಲ್ಲಿಂದ ಬಂದವರು ಒಬ್ಬರಾದರೂ ಸಿಗುತ್ತಾರೆ. ಅವರ ಜೊತೆ ಮುಂದಿನ ಊರಿನವರೆಗೆ ಹೋಗುವ ಅವಕಾಶ ಬಂದರೆ ಬೇಡ ಅನ್ನಬೇಡ.

ಯೆಲ್ಲೋನೈಫ್_ವಾಸಿ

ಅಕ್ಕ ನೀರಿನ ವಿಷಯ ಬಿಟ್ಟರು, ನಾನು ಬರೆಯುತ್ತೇನೆ. ಮಿನ್ನೆಸೋಟಾದವರಿಗೆ ಸರೋವರದ ಗಡ್ಡೆ ಗೊತ್ತು. ಸ್ನೋಮೊಬೈಲ್‌ಗೆ 5ರಿಂದ 7 ಇಂಚು ಸ್ವಚ್ಛ ಗಡ್ಡೆ ಇರಬೇಕು ಅನ್ನೋದು ಅಲ್ಲಿನ ಸರ್ಕಾರದ ಲೆಕ್ಕ. ನದಿಗೆ ಆ ಲೆಕ್ಕ ಹಾಕಬೇಡ. ಒಂದೇ ತಿರುವಿನಲ್ಲಿ ಈ ದಡದಲ್ಲಿ ಒಂದು ಮೀಟರ್, ಆ ದಡದಲ್ಲಿ ಒಂದು ಗೇಣು ಇರುತ್ತದೆ.

ಅದಕ್ಕಿಂತ ಹೆಚ್ಚು ಕಾಡುವುದು ಓವರ್‌ಫ್ಲೋ. ಹಿಮದ ಭಾರಕ್ಕೆ ಗಡ್ಡೆ ಬಗ್ಗುತ್ತದೆ, ಬಿರುಕಿನಿಂದ ನೀರು ಮೇಲೆ ಬರುತ್ತದೆ. ಮೇಲೆ ಹಿಮದ ಹೊದಿಕೆ ಇರುವುದರಿಂದ ಮೈನಸ್ 30ರಲ್ಲೂ ಹೆಪ್ಪುಗಟ್ಟದೆ ಕೆಸರಿನ ಹಾಗೆ ಕೂತಿರುತ್ತದೆ. ಮೇಲಿಂದ ಏನೂ ಗೊತ್ತಾಗಲ್ಲ. ಹಿಮದ ಬಣ್ಣ ಸ್ವಲ್ಪ ಬೂದು, ಸ್ವಲ್ಪ ತಗ್ಗು, ಅಷ್ಟೇ. ಗಾಡಿ ಒಳಗೆ ನುಗ್ಗಿದ ಮೇಲೆ ಥ್ರಾಟಲ್ ಬಿಡಬಾರದು. ಹದವಾಗಿ ಹಿಡಿದು ಒಂದೇ ಸಮ ದಾಟಬೇಕು. ನಿಂತರೆ ಸ್ಲೆಡ್ ಲಂಗರು ಆಗುತ್ತದೆ.

ದಾಟಿದ ಮೇಲೆ ಉಸ್ಸಪ್ಪಾ ಅಂತ ಕೂತರೆ ಕೆಲಸ ಕೆಟ್ಟಿತು. ಟ್ರ್ಯಾಕ್ ಒಳಗೆ ತುಂಬಿದ ನೀರ್ಹಿಮ ಕೆಲವೇ ನಿಮಿಷದಲ್ಲಿ ಕಲ್ಲಾಗುತ್ತದೆ. ತಕ್ಷಣ ಗಾಡಿಯನ್ನು ಪಕ್ಕಕ್ಕೆ ಮಲಗಿಸಿ, ಕೋಲಿನಿಂದ ಕೆರೆದು, ಬೋಗಿ ವೀಲ್‌ಗಳ ಸುತ್ತ ಒದ್ದು ತೆಗೆಯಬೇಕು. ರಾತ್ರಿ ನಿಲ್ಲಿಸುವಾಗಲೂ ಹಾಗೇ. ಸ್ಪ್ರೂಸ್ ಕೊಂಬೆಗಳನ್ನು ಅಡ್ಡ ಹಾಸಿ ಅದರ ಮೇಲೆ ಗಾಡಿ ಏರಿಸು. ಇಲ್ಲವಾದರೆ ಬೆಳಗ್ಗೆ ಟ್ರ್ಯಾಕ್ ನೆಲಕ್ಕೆ ಅಂಟಿರುತ್ತದೆ, ಬಲವಂತ ಮಾಡಿದರೆ ಬೆಲ್ಟ್ ಹೋಗುತ್ತದೆ.

ಒದ್ದೆಯಾದರೆ ಮೊದಲು ಬೆಂಕಿ, ಆಮೇಲೆ ಉಳಿದದ್ದು. ಬೆಂಕಿಪೊಟ್ಟಣ, ಸ್ಯಾಟಲೈಟ್ ಮೆಸೆಂಜರ್ (ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ), ಚಾಕು, ಐಸ್ ಪಿಕ್ (ಗಡ್ಡೆಗೆ ಚುಚ್ಚಿ ನೀರಿನಿಂದ ಮೇಲೆ ಬರಲು ಮೊನೆ) ಇವು ಮೈಮೇಲೆ ಇರಬೇಕು. ಗಾಡಿ ಮುಳುಗಿದರೆ ಸ್ಲೆಡ್ ಕೂಡ ಹಿಂದೆಯೇ ಹೋಗುತ್ತದೆ. ಟೆದರ್ ದಾರವನ್ನು (ಎಳೆದರೆ ಎಂಜಿನ್ ನಿಲ್ಲಿಸುವ ದಾರ) ಪ್ರತಿ ಸಲ ಜಾಕೆಟ್‌ಗೆ ಸಿಕ್ಕಿಸು. ಥ್ರಾಟಲ್ ಹೆಪ್ಪುಗಟ್ಟಿ ಸಿಕ್ಕಿಕೊಂಡಾಗ ನೀನು ಬಿದ್ದರೆ, ದಾರ ಇಲ್ಲದಿದ್ದರೆ ಗಾಡಿ ನಿನ್ನನ್ನು ಬಿಟ್ಟು ಮುಂದಿನ ಊರಿಗೆ ಹೊರಡುತ್ತದೆ.

ಸುಮ್ನೆ_ಓದೋನು

ಇದನ್ನೆಲ್ಲಾ ಓದಿ ನನಗೆ ಬೆಂಗಳೂರಲ್ಲೇ ಚಳಿ ಆಗ್ತಿದೆ. ಸ್ಯಾಟಲೈಟ್ ಮೆಸೆಂಜರ್ ಇದ್ರೆ ಒಂದು ಗುಂಡಿ ಒತ್ತಿದ್ರೆ ಹೆಲಿಕಾಪ್ಟರ್ ಬರತ್ತಲ್ವಾ?

ಆಂಕರೇಜ್_ಅಕ್ಕ

ಬರುತ್ತದೆ, ಹವಾ ಬಿಟ್ಟರೆ. ಇಲ್ಲಿ ಹುಡುಕಾಟ ನೋಡಿಕೊಳ್ಳುವುದು ಅಲಾಸ್ಕಾ ಸ್ಟೇಟ್ ಟ್ರೂಪರ್ಸ್, ಅಂದರೆ ರಾಜ್ಯ ಪೊಲೀಸರು. ಅವರ ಜೊತೆ ಹಳ್ಳಿಯ ಸ್ವಯಂಸೇವಕರು, ಏರ್ ನ್ಯಾಷನಲ್ ಗಾರ್ಡ್. ಬಿರುಗಾಳಿ ಇದ್ದರೆ ಯಾರೂ ಹಾರಲ್ಲ. ಹಾಗಾಗಿ ಗುಂಡಿ ಒತ್ತಿದ ಮೇಲೂ ಎರಡು ಮೂರು ದಿನ ನೀನೇ ಬದುಕಿರಬೇಕು. ನಿನ್ನನ್ನು ಹುಡುಕಲು ಮೊದಲು ಹೊರಡುವವರು ಬಹುತೇಕ ಆ ಹಳ್ಳಿಯವರೇ, ಅವರದೇ ಪೆಟ್ರೋಲ್ ಸುಟ್ಟುಕೊಂಡು. ಅದು ನೆನಪಿರಲಿ.

ಮೆಸೆಂಜರ್ ಎರಡೂ ಕಡೆ ಸಂದೇಶ ಕಳಿಸುವಂಥದ್ದು ತಗೋ. "ಬೆಲ್ಟ್ ಹೋಗಿದೆ, ಆರೋಗ್ಯವಾಗಿದ್ದೇನೆ" ಅಂತ ಹೇಳಲು ಬಂದರೆ ಅರ್ಧ ಗಾಬರಿ ಕಡಿಮೆ. ರಾತ್ರಿ ಇಷ್ಟು ಗಂಟೆಗೆ ಸಂದೇಶ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಮನೆಯಲ್ಲಿ ಬರೆದು ಕೊಟ್ಟು ಹೋಗು. ಅಮ್ಮನಿಗೆ ಬೇಡ, ಡುಲೂತ್‌ನ ಗೆಳೆಯರಿಗೆ.

ಕಡಲ ಮಾತು ಉಳಿಯಿತು. ಉನಲಕ್ಲೀಟ್ ದಾಟಿದ ಮೇಲೆ ಸಿಗುವ ಶಕ್ತೂಲಿಕ್‌ನಿಂದ ಕೊಯುಕ್ 80 ಕಿ.ಮೀ., ನಾರ್ಟನ್ ಸೌಂಡ್ ಅನ್ನುವ ಕೊಲ್ಲಿಯ ಮೇಲೆ ಬಹುಪಾಲು ಸಮುದ್ರದ ಗಡ್ಡೆ. 2018ರ ಚಳಿಗಾಲದಲ್ಲಿ ಬೇರಿಂಗ್ ಸಮುದ್ರದಲ್ಲಿ ಅದುವರೆಗಿನ ದಾಖಲೆಗಳಲ್ಲೇ ಅತಿ ಕಡಿಮೆ ಗಡ್ಡೆ ಇತ್ತು. ಗಾಳಿ ದಡದಿಂದ ಹೊರಕ್ಕೆ ಬೀಸಿದರೆ ಗಡ್ಡೆ ತುಂಡಾಗಿ ತೇಲಿಹೋಗುತ್ತದೆ, ಮೇಲೆ ನೀನಿದ್ದರೂ ಅದಕ್ಕೇನಂತೆ. ಶಕ್ತೂಲಿಕ್‌ನವರು "ಇವತ್ತು ಬೇಡ" ಅಂದರೆ ಇವತ್ತು ಬೇಡ. ವೈಟ್ ಮೌಂಟನ್ ದಾಟಿದ ಮೇಲೆ ಟಾಪ್‌ಕಾಕ್ ಗುಡ್ಡ, ಆಮೇಲೆ ಸಾಲೊಮನ್ ಬಯಲು. ಆಕಾಶ ತಿಳಿಯಾಗಿದ್ದರೂ ಅಲ್ಲಿ ಒಂದೇ ಪಟ್ಟಿಯಲ್ಲಿ ಗಾಳಿ ಜನರನ್ನು ಕೆಡವುವಷ್ಟು ಜೋರು. ನೋಮ್ ಹತ್ತಿರ ಬಂತು ಅನ್ನುವ ಆತುರದಲ್ಲಿ ಅಲ್ಲಿಗೆ ನುಗ್ಗಬೇಡ.

ಗ್ರೀಸ್_ಕೈ

ದಾರಿಯಲ್ಲಿ ಮೂಸ್ (ದೊಡ್ಡ ಜಾತಿಯ ಜಿಂಕೆ) ಸಿಗುತ್ತದೆ ಅನ್ನೋದನ್ನೂ ಸೇರಿಸ್ರಿ. ಆಳ ಹಿಮಕ್ಕೆ ಇಳಿಯಲು ಅದಕ್ಕೂ ಬೇಜಾರು, ತುಳಿದ ದಾರಿ ಬಿಟ್ಟು ಕದಲುವುದಿಲ್ಲ. ಹಾರ್ನ್ ಗೀರ್ನ್ ಬೇಡ. ಎಂಜಿನ್ ಆಫ್ ಮಾಡಿ ದೂರದಲ್ಲಿ ಕಾಯ್ರಿ. ದಾರಿ ಅದರದ್ದೇ.

ಡುಲೂತ್_ಹುಡುಗ

ಎಲ್ಲರ ಮಾತನ್ನೂ ಕೂಡಿಸಿ ಪ್ಲಾನ್ ಬದಲಾಯಿಸಿದ್ದೇನೆ. ನೋಡಿ.

ನಾಯಿ ಓಟ ಮುಂದೆ ಹೋದ ಮೇಲೆ ಬಿಗ್ ಲೇಕ್‌ನಿಂದ ಹೊರಡುತ್ತೇನೆ. ಗುರಿ ನೋಮ್ ಅಲ್ಲ, ಉನಲಕ್ಲೀಟ್. ಕಡಲ ತುಂಡು ಈ ವರ್ಷ ಇಲ್ಲ. ರೇನಿ ಪಾಸ್ ದಾಟಲು ಪಂಟಿಲಾದಲ್ಲಿ ಜೊತೆ ಸಿಗುವವರೆಗೆ ಕಾಯುತ್ತೇನೆ, ಮೂರು ದಿನದಲ್ಲಿ ಸಿಗದಿದ್ದರೆ ಬಂದ ದಾರಿಯಲ್ಲೇ ವಾಪಸ್. ಮೆಕ್‌ಗ್ರಾತ್‌ನಿಂದ ರೂಬಿಗೆ ಮೂರು ಕ್ಯಾನ್. ಮೊದಲ ಕ್ಯಾನ್ ಮತ್ತು ಟ್ಯಾಂಕಿನ ಅರ್ಧ ಮುಗಿಯುವ ಹೊತ್ತಿಗೆ ಅರ್ಧ ದಾರಿ ದಾಟಿರದಿದ್ದರೆ ಅಲ್ಲೇ ತಿರುಗುತ್ತೇನೆ. ಸ್ಲೆಡ್‌ನಲ್ಲಿ ಐದು ದಿನದ ಊಟ ಹೆಚ್ಚಿಗೆ, ಸ್ನೋಶೂ, ಗರಗಸ. ದಾರಿ ಕೆಟ್ಟ ವರ್ಷವಾದರೆ ಇಡೀ ಟ್ರಿಪ್ ರದ್ದು, ಮೂರು ವಾರ ತಿಪಟೂರು.

ಯೆಲ್ಲೋನೈಫ್_ವಾಸಿ

ಇದು ಪ್ಲಾನ್. ಮೊದಲಿನದು ಆಸೆ ಪಟ್ಟಿ. ಅರ್ಧ ದಾರಿಯ ಲೆಕ್ಕವನ್ನು ಮಾತ್ರ ಬದಲಾಯಿಸು. ಹೋಗುವಾಗ ನೀನೇ ದಾರಿ ತುಳಿದಿರುತ್ತೀಯ, ವಾಪಸ್ ಬರುವಾಗ ಪೆಟ್ರೋಲ್ ಕಡಿಮೆ ಸಾಕು ಅಂತ ಅನಿಸುತ್ತದೆ. ಗಾಳಿ ಒಂದು ರಾತ್ರಿಯಲ್ಲಿ ಅದನ್ನು ಮುಚ್ಚಿಬಿಡುತ್ತದೆ. ಅರ್ಧ ಅಲ್ಲ, ಮೂರನೇ ಒಂದು ಭಾಗ ಪೆಟ್ರೋಲ್ ಮುಗಿದಾಗಲೇ ನಿಂತು ಯೋಚಿಸು.

ಕೊಡಗಿನ_ಫೌಜಿ

ಒಪ್ಪಿಗೆ. ಹೊರಡುವ ಮೊದಲು ಡುಲೂತ್‌ನಲ್ಲೇ ಮೈನಸ್ 25 ಇರುವ ರಾತ್ರಿ ಮನೆಯ ಹಿಂದೆ ಟೆಂಟ್ ಹಾಕಿ ಮಲಗಿ. ಸ್ಟವ್ ಹಚ್ಚುವುದು, ಬೆಲ್ಟ್ ಬದಲಿಸುವುದು, ಎರಡನ್ನೂ ದಪ್ಪ ಗ್ಲೌಸ್ ಹಾಕಿಕೊಂಡು ಕತ್ತಲೆಯಲ್ಲಿ ಮಾಡಿ. ಯಾವ ಸ್ಕ್ರೂ ಗ್ಲೌಸ್‌ನಲ್ಲಿ ಹಿಡಿಯಲು ಬರುವುದಿಲ್ಲವೋ ಅದನ್ನು ಅಲ್ಲೇ ಬದಲಾಯಿಸಿ.

ಆಂಕರೇಜ್_ಅಕ್ಕ

ಇನ್ಶೂರೆನ್ಸ್ ಕಾಗದ ಪೂರ್ತಿ ಓದು. ಎಷ್ಟೋ ಪಾಲಿಸಿಗಳಲ್ಲಿ ಮೋಟಾರ್ ಇರುವ ಹಿಮದ ಆಟಗಳು ಸೇರಿರಲ್ಲ. ಗಾಡಿಯನ್ನು ಉನಲಕ್ಲೀಟ್‌ನಿಂದ ವಾಪಸ್ ತರಲು ಏರ್ ಕಾರ್ಗೋ ರೇಟು ಈಗಲೇ ವಿಚಾರಿಸು, ಬೆಚ್ಚಿಬೀಳುತ್ತೀಯಾ. ಕೆಲವರು ಅಲ್ಲೇ ಮಾರಿ ಬರುತ್ತಾರೆ.

ಆಂಕರೇಜ್‌ಗೆ ಬಂದಾಗ ಮನೆಗೆ ಬಾ. ಬಿಸಿಬೇಳೆಬಾತ್ ಮಾಡಿ ಪೊಟ್ಟಣ ಕಟ್ಟಿ ಫ್ರೀಜ್ ಮಾಡಿ ಕೊಡುತ್ತೇನೆ. ಸ್ಲೆಡ್‌ನಲ್ಲಿ ಕೆಡುವ ಭಯವಂತೂ ಇಲ್ಲ.

ಡುಲೂತ್_ಹುಡುಗ

ಅಕ್ಕ, ತುಪ್ಪ ಜಾಸ್ತಿ ಇರಲಿ. ಮೈಲೇಜ್ ಅಳೆದ ಮೇಲೆ ಅಂಕಿ ಇಲ್ಲೇ ಹಾಕುತ್ತೇನೆ.